ಮಾವಶಿಯ ಬೆಕ್ಕುಗಳ ಹೊಟ್ಟಿನ ಡಬ್ಬಿ

ಈಗ ಸಾಂಗ್ಲಿಯ ಅಂಗಡಿಗಳಲ್ಲಿ ಬೆಕ್ಕಿನ ಕಕ್ಕಸಿಗೆಂದೇ ಮಣ್ಣು ಮಾರುತ್ತಾರೆ. ಚೀಲದ ಮೇಲೆ ಬೆಕ್ಕಿನ ಚಿತ್ರ, ಒಳಗಿನ ಮಣ್ಣಿಗೆ ಗುಲಾಬಿಯ ವಾಸನೆ. ಮೊದಲ ಸಲ ನೋಡಿದಾಗ ನನಗೆ ನಗು ಬಂತು. ನಾವು ಮಿರಜದಲ್ಲಿದ್ದ ಕಾಲಕ್ಕೆ ಬೆಕ್ಕಿಗಾಗಿ ಮಣ್ಣು ಕೊಂಡು ತರುತ್ತೇನೆ ಅಂದಿದ್ದರೆ, ಹುಚ್ಚು ಹಿಡಿಯಿತೆಂದು ಓಣಿಯವರೆಲ್ಲ ಸೇರಿ ತಲೆಗೆ ನಿಂಬೆಹಣ್ಣು ತಿಕ್ಕುತ್ತಿದ್ದರು.

ಆಗ ನನಗೆ ಹತ್ತು ವರ್ಷ. ಒಂದು ಹಳೆಯ ವಾಡೆಯ ಮಹಡಿಯ ಮೇಲೆ ಎರಡು ಕೋಣೆ ನಮ್ಮವು. ಅವ್ವ ದೊಡ್ಡ ದವಾಖಾನೆಯೊಂದರಲ್ಲಿ ಆಯಾ. ಅವ್ವನ ಅಕ್ಕ, ನನ್ನ ಮಾವಶಿ, ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ನಮ್ಮ ಮನೆಗೆ ಬಂದವಳು. ಅವಳು ಸಿತಾರ ಮಾಡುವ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುತ್ತಿದ್ದಳು. ಅವಳದು ಅಂತ ಈ ಲೋಕದಲ್ಲಿ ಇದ್ದದ್ದು ಮೂರು ಬೆಕ್ಕು. ಕಪ್ಪು, ಬಿಳಿ, ಕಂದು ತೇಪೆಗಳ ತಾಯಿ ಹಂಡಿ. ಅದರ ಮಕ್ಕಳು ಶೇಂಗಾ ಮತ್ತು ಬೂದ್ಯಾ. ಕೆಲಸದಿಂದ ಬಂದವಳೇ ನನಗಿಂತ ಮೊದಲು ಅವುಗಳನ್ನು ಮಾತಾಡಿಸುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಮಹಡಿಯ ಮನೆ. ಬೆಕ್ಕಿಗೆ ಕೆರೆದು ಮುಚ್ಚಲು ನೆಲವಿಲ್ಲ. ಅದಕ್ಕೆ ಮಾವಶಿ ಖಾಲಿ ಎಣ್ಣೆ ಡಬ್ಬಿಗಳನ್ನು ಉದ್ದಕ್ಕೆ ಕತ್ತರಿಸಿ, ಅಂಚು ಚುಚ್ಚದ ಹಾಗೆ ಕಲ್ಲಿನಿಂದ ಬಡಿದು ಮಡಚಿದ್ದಳು. ಬೆಕ್ಕು ಮೂರು, ಡಬ್ಬಿ ನಾಲ್ಕು. "ಒಂದ ಹೆಚ್ಚಿಗೆ ಇರಬೇಕ. ಅವೂ ಪಾಳಿ ಹಚ್ಚಬೇಕೇನ?" ಅನ್ನುತ್ತಿದ್ದಳು. ತಳಕ್ಕೆ ರದ್ದಿ ಪೇಪರು, ಮೇಲೆ ಒಲೆಯ ಬೂದಿ, ಅದರ ಮೇಲೆ ಕಾರ್ಖಾನೆಯಿಂದ ತಂದ ಮರದ ಹೊಟ್ಟು. ಬೂಂದಿ ಕರಿಯುವ ತೂತಿನ ಹಳೆಯ ಸೌಟಿನಿಂದ ದಿನಕ್ಕೆ ಎರಡು ಸಲ ಹೊಲಸು ತೆಗೆಯುವುದು ನನ್ನ ಕೆಲಸ. ವಾರಕ್ಕೊಮ್ಮೆ ಡಬ್ಬಿಗಳಿಗೆ ಕುದಿಯುವ ನೀರಿನ ಸ್ನಾನ, ಆಮೇಲೆ ದಿನವಿಡೀ ಮಾಳಿಗೆಯ ಬಿಸಿಲು. ಹೊಸ ಹೊಟ್ಟು ಸುರಿದ ದಿನ ಮನೆಗೆಲ್ಲ ಕೊಯ್ದ ಮರದ ಸಿಹಿ ವಾಸನೆ. ಒಂದು ಪೈಸೆಯ ಖರ್ಚಿಲ್ಲ.

ಮಾವಶಿ ಹೊಟ್ಟು ತರುವುದೂ ಸುಮ್ಮನೆ ಅಲ್ಲ. ಮರ ಕೊಯ್ಯುವ ಕಡೆಯದನ್ನು ಮಾತ್ರ ತುಂಬಿಕೊಳ್ಳುತ್ತಿದ್ದಳು, ಪಾಲಿಶ್ ಮಾಡುವ ಕಡೆಯದನ್ನು ಮುಟ್ಟುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ.

"ಬೆಕ್ಕ ನಮ್ಮಂಗ ಕಾಲ ತೊಳ್ಯಾಕ ಬಚ್ಚಲಕ್ಕ ಹೋಗತೈತೇನ ಸುಮೀ? ನಾಲಿಗಿಲೆ ನೆಕ್ಕೋತೈತಿ. ಕಾಲಿಗೆ ಹತ್ತಿದ್ದೆಲ್ಲಾ ಹೊಟ್ಟ್ಯಾಗ."

ಆ ವರ್ಷ ಮಳೆ ಹಿಡಿಯಿತು ನೋಡಿ, ಬಿಡಲೇ ಇಲ್ಲ. ಸಾಂಗ್ಲಿಯಲ್ಲಿ ಕೃಷ್ಣೆಯ ನೀರು ಏರುತ್ತಿದೆ ಅಂತ ದಿನವೂ ಸುದ್ದಿ. ಮಾಳಿಗೆಯ ಮೇಲೆ ಬಿಸಿಲಿಲ್ಲ, ಕಾರ್ಖಾನೆಯ ಹೊಟ್ಟೆಲ್ಲ ತೊಯ್ದು ಮುದ್ದೆ. ಡಬ್ಬಿಗಳು ನಾರತೊಡಗಿದವು. ಕೆಳಗಿನ ಮನೆಯಲ್ಲಿದ್ದ ವಾಡೆಯ ಒಡತಿ, ಮಾಲಕೀಣ ಕಾಕು, ಒಂದು ದಿನ ಮೆಟ್ಟಿಲ ಮೇಲೆಯೇ ನಿಂತು ಮೂಗಿಗೆ ಸೆರಗು ಹಿಡಿದಳು.

"ನಾ ಇಷ್ಟ ದಿನ ಏನರ ಅಂದೇನೇನು? ಐತವಾರ ಮಗಳನ್ನ ನೋಡಾಕ ಬೀಗರ ಬರ್ತಾರ. ಅಷ್ಟರಾಗ ವಾಸನಿ ಹೋಗಬೇಕ, ಇಲ್ಲಾ ಬೆಕ್ಕ ಹೋಗಬೇಕ."

"ಹೋಗತೈತ್ರಿ ಕಾಕು, ವಾಸನಿ ಹೋಗತೈತ್ರಿ," ಅಂದಳು ಮಾವಶಿ.

ಸಲಗರೆಯಲ್ಲಿ ನಮ್ಮ ಸಂಬಂಧಿಕರ ಹೊಲವಿದೆ. ಆ ಕಡೆ ಮಳೆ ಕಡಿಮೆ. ಒಣ ಬೂದಿ, ಜೋಳದ ಹೊಟ್ಟು ತರುತ್ತೇನೆಂದು ಮಾವಶಿ ಶುಕ್ರವಾರ ಬಸ್ಸು ಹತ್ತಿದಳು. "ನಾಳೆ ಸಂಜಿಕ ಬರ್ತೇನಿ. ಹೊಲಸ ಅಷ್ಟ ತಗಿ, ಬ್ಯಾರೆ ಏನೂ ಮಾಡಬ್ಯಾಡ" ಅಂತ ಹೇಳಿದ್ದಳು.

ಶನಿವಾರ ಬೆಳಗ್ಗೆ ಆರಕ್ಕೇ ಅವ್ವ ಡ್ಯೂಟಿಗೆ ಹೋದಳು. ಮನೆಯಲ್ಲಿ ನಾನೊಬ್ಬಳೇ. ಮಾವಶಿ ಬರುವಷ್ಟರಲ್ಲಿ ವಾಸನೆಯನ್ನೇ ಓಡಿಸಿಬಿಟ್ಟರೆ? ಅವಳು ನನ್ನನ್ನೂ ಹಂಡಿಯ ಹಾಗೆ ಎತ್ತಿಕೊಂಡು ಮುದ್ದಿಸಬಹುದು ಅನ್ನಿಸಿತು. ಬಚ್ಚಲಲ್ಲಿ ಅವ್ವ ತಂದಿಟ್ಟ ಕರಿ ಫಿನೈಲಿನ ಬಾಟಲಿ ಇತ್ತು. ಮಿರಜದಲ್ಲಿ ಬೆಳೆದ ಮಕ್ಕಳಿಗೆ ಫಿನೈಲಿನ ವಾಸನೆ ಅಂದರೇ ಸ್ವಚ್ಛತೆ. ಅವ್ವನ ಸೀರೆಯಲ್ಲಿ, ಬೀದಿಯ ದವಾಖಾನೆಗಳ ಬಾಗಿಲಲ್ಲಿ ಅದೇ ವಾಸನೆ. ರೋಗಿಗಳೇ ಅದರೊಳಗೆ ಗುಣವಾಗಿ ಹೋಗುತ್ತಾರೆ. ಪಾಲಿಶ್ ಬೆಕ್ಕಿಗೆ ಕೆಟ್ಟದ್ದು ಅಂತ ಗೊತ್ತಿತ್ತು. ಫಿನೈಲೂ ಕೆಟ್ಟದ್ದಾಗಿರಬಹುದು ಅನ್ನುವುದು ತಲೆಗೇ ಹೊಳೆಯಲಿಲ್ಲ.

ನೀರು ಕಾಯಿಸಿ, ಫಿನೈಲು ಸುರಿದು ಡಬ್ಬಿ ತೊಳೆದೆ. ಉಳಿದ ಹೊಟ್ಟಿಗೂ ಧಾರಾಳವಾಗಿ ಸುರಿದು ಕಲಸಿದೆ. ಹಂಡಿ ಮೂಸಿ ನೋಡಿ ಹಿಂದೆ ಸರಿಯಿತು. "ನಖರಾ ಮಾಡಬ್ಯಾಡ" ಅಂತ ಗದರಿದೆ. ಮರಿಗಳೆರಡನ್ನೂ ಎತ್ತಿ ಡಬ್ಬಿಯೊಳಗೆ ನಾನೇ ಬಿಟ್ಟೆ. ಬೇರೆಲ್ಲೂ ಹೊಲಸು ಮಾಡದಿರಲಿ ಎಂದು ಮೂರನ್ನೂ ಡಬ್ಬಿಗಳಿದ್ದ ಕೋಣೆಯಲ್ಲಿಟ್ಟು ಕದ ಹಾಕಿದೆ.

ಮಧ್ಯಾಹ್ನ ಕಾಕು ಮೇಲೆ ಬಂದು ಉಸಿರೆಳೆದಳು. "ಅಗಬಾಈ! ದವಾಖಾನಿ ಇದ್ದಂಗ ಆಗೇತಲ್ಲ! ಶಾಣ್ಯಾಕಿ ಅದಿ ಪೋರಿ." ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ.

ಸಂಜೆ ಮಾವಶಿ ಬೆನ್ನ ಮೇಲೆ ಚೀಲ ಹೊತ್ತು, ಮೇಲೆ ಪ್ಲಾಸ್ಟಿಕ್ ಹೊದಿಸಿಕೊಂಡು ಮೆಟ್ಟಿಲು ಹತ್ತಿದಳು. ತಾನು ತೊಯ್ದಿದ್ದಳು, ಚೀಲ ತೊಯ್ದಿರಲಿಲ್ಲ. ಹೊಸ್ತಿಲಲ್ಲೇ ಅವಳ ಮೂಗಿಗೆ ಗೊತ್ತಾಯಿತು. ಚೀಲ ಬಿಟ್ಟು ಒಳಗೆ ಓಡಿದಳು. ಶೇಂಗಾ ಜೊಲ್ಲು ಸುರಿಸುತ್ತ ನಡುಗುತ್ತಿತ್ತು. ಬೂದ್ಯಾನಿಗೆ ಹಿಂಗಾಲು ಎತ್ತಲು ಬರುತ್ತಿರಲಿಲ್ಲ. ಹಂಡಿ ಮಾತ್ರ ಕಿಟಕಿಯ ಮೇಲೆ ಮುದುರಿ ಕೂತಿತ್ತು. ಅದು ಡಬ್ಬಿಗೆ ಕಾಲೇ ಇಟ್ಟಿರಲಿಲ್ಲ.

"ಫಿನೈಲ ಯಾರ ಹಾಕಿದ್ರ?"

ಅವಳ ದನಿ ಕೇಳಿ, ಇನ್ನು ಏಟು ಬೀಳುತ್ತದೆ ಅಂತ ಹೆದರಿದೆ. "ಅವ್ವ ಹಾಕ್ಯಾಳ" ಅಂದುಬಿಟ್ಟೆ.

ಅವ್ವ ಬಂದಾಗ ಮಾವಶಿ ಎರಡೂ ಮರಿಗಳ ಕಾಲನ್ನು ಬಿಸಿನೀರಿನಲ್ಲಿ ತೊಳೆಯುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು: "ಡಬ್ಬಿಗೆ ಫಿನೈಲ ನೀ ಹಾಕಿದಿ?"

ಅವ್ವ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ಹೂಂ ಅಕ್ಕಾ. ನಾನ ಹಾಕೇನಿ."

ಆಮೇಲೆ ಒಲೆಯ ಮುಂದೆ ಅವ್ವ ನನ್ನ ರಟ್ಟೆ ಹಿಡಿದು ಮೆಲ್ಲಗೆ ಹೇಳಿದಳು: "ಈಗ ನಾ ಹೊತ್ತಗೊಂಡೇನಿ. ಆದ್ರ ಅಕ್ಕನ ಮುಂದ ಖರೇ ನೀನ ಹೇಳಬೇಕ. ನಾ ಹೇಳಾಂಗಿಲ್ಲ." ನಾಳೆ ಹೇಳುತ್ತೇನೆ ಅಂದೆ.

ಬೆಳಗಾಗುವಷ್ಟರಲ್ಲಿ ಎರಡೂ ಸತ್ತಿದ್ದವು. ಮಾವಶಿ ತನ್ನ ಹಳೆಯ ಸೀರೆ ಹರಿದು ಸುತ್ತಿ, ಹಿತ್ತಿಲ ಗೋಡೆಯ ಬುಡದಲ್ಲಿ ಹೂತಳು. ಅದೇ ಐತವಾರ ಬೀಗರು ಬಂದರು, ಅವಲಕ್ಕಿ ತಿಂದರು, ಹುಡುಗಿಯನ್ನು ಒಪ್ಪಿ ಹೋದರು. ಮರುದಿನ ಮಾವಶಿ ಹಂಡಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಸಲಗರೆಗೆ ಹೊರಟಳು. ತಂಗಿಯ ಜೊತೆ ಮಾತಿಲ್ಲ. ಅವ್ವ ಬಸ್‌ಸ್ಟ್ಯಾಂಡಿನವರೆಗೆ ಹಿಂದೆಯೇ ನಡೆದು ಹೋಗಿ, ಒಬ್ಬಳೇ ವಾಪಸು ಬಂದಳು.

ಮಾವಶಿ ಮತ್ತೆ ಬರಲಿಲ್ಲ. ಮದುವೆ-ಗಿದುವೆಯಲ್ಲಿ ಅಕ್ಕತಂಗಿ ಎದುರಾದರೆ "ಅರಾಮ?" "ಅರಾಮ" ಅಷ್ಟೇ. ಮೊದಮೊದಲು ಅವ್ವ ಕೇಳುತ್ತಿದ್ದಳು, "ಹೇಳಿದೇನ?" ಅಂತ. ಆಮೇಲೆ ಕೇಳುವುದನ್ನೂ ಬಿಟ್ಟಳು. ನಾನು ದೊಡ್ಡವಳಾದೆ, ಸಾಂಗ್ಲಿಯಲ್ಲಿ ಕೆಲಸ ಹಿಡಿದೆ. ಹೇಳುವುದು ವರ್ಷದಿಂದ ವರ್ಷಕ್ಕೆ ಕಠಿಣವಾಗುತ್ತ ಹೋಯಿತು.

ಹೋದ ವರ್ಷ ಅವ್ವ ಹಾಸಿಗೆ ಹಿಡಿದು ತೀರಿಕೊಂಡಳು. ಅವಳ ಹದಿಮೂರನೆಯ ದಿನದ ಊಟಕ್ಕೆ ಮಾವಶಿ ಬಂದಿದ್ದಳು. ತಲೆಯೆಲ್ಲ ಬೆಳ್ಳಗಾಗಿತ್ತು. ಎಲ್ಲರೂ ಎದ್ದ ಮೇಲೆ ಅವಳ ಪಕ್ಕ ಕೂತು ಹೇಳಿದೆ: "ಮಾವಶಿ, ಫಿನೈಲ ಹಾಕಿದಾಕಿ ನಾನ."

"ಗೊತ್ತೈತಿ. ನಸಕಿಲೆ ಡ್ಯೂಟಿಗೆ ಹೋದಾಕಿ ಹೆಂಗ ಹಾಕತಾಳ? ನೀ ಕೂಸ ಇದ್ದಿ, ಅಂಜಿದ್ದಿ. ಆದ್ರ ಬೆನ್ನಾಗ ಹುಟ್ಟಿದಾಕಿ ನನ್ನ ಮುಂದ ಸುಳ್ಳ ಹೇಳಿದ್ಳಲ್ಲ. ತಾನ ಬಂದ ಹೇಳತಾಳ ಅಂತ ಹಾದಿ ಕಾಕೋಂತ ಕುಂತೆ." ಆಮೇಲೆ ಕೇಳಿದಳು, "ಕಡೀಕ ನನ್ನ ನೆನಸಿದ್ಳೇನ?"

ಇನ್ನು ಸುಳ್ಳು ಹೇಳುವ ಶಕ್ತಿ ನನಗಿರಲಿಲ್ಲ. "ದಿನಾ ಕೇಳತಿದ್ಳು, ಅಕ್ಕನ್ನ ಕರಿಸೀಯೇನ ಅಂತ. ಕರಿಸೇನಿ ಅಂತಿದ್ದೆ. ನಿಮಗ ನಾ ಹೇಳಿನ ಕಳಸಲಿಲ್ಲ ಮಾವಶಿ. ನೀವಿಬ್ಬರೂ ಕುಂತ ಮಾತಾಡಿದ್ರ ನಂದ ಹೊರಗ ಬೀಳತೈತಿ ಅಂತ ಅಂಜಿದೆ."

ಮಾವಶಿ ತನ್ನ ಚೀಲ ಎತ್ತಿಕೊಂಡು ಎದ್ದಳು. "ಬೆಕ್ಕಿಂದು ನಾ ಎಂದೋ ಮರತೇನಿ, ಸುಮೀ" ಅಂದಳು. ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

ಎರಡು ಮರಿಗಳು ಹೋದವು, ಅಕ್ಕತಂಗಿಯರ ಇಪ್ಪತ್ತು ವರ್ಷದ ಮಾತು ಹೋಯಿತು, ಅವ್ವ ಬಾಗಿಲು ನೋಡುತ್ತಲೇ ಕಣ್ಣು ಮುಚ್ಚಿದಳು. ಎಲ್ಲವೂ ನಾನು ಏಟಿಗೆ ಹೆದರಿದ್ದಕ್ಕೆ. ಮಾವಶಿಯೋ, ನನ್ನನ್ನು ಒಂದು ದಿನವೂ ಹೊಡೆದವಳಲ್ಲ.