ಎಂಟು ಗಂಟೆಯ ಲೈನು

ಸೌಭಾಗ್ಯಳಿಗೆ ತಾನು ಮಾಡುವ ಕೆಲಸದ ಮೇಲೆ ಹೇಸಿಗೆ ಹುಟ್ಟಿ ಆರು ತಿಂಗಳಾಗಿತ್ತು. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮೇಲೆ ಖಂಡಪ್ಪನ ಇಂಟರ್‌ನೆಟ್ ಕಚೇರಿ. ತಿಕೋಟಾ, ಬಬಲೇಶ್ವರದ ಹಳ್ಳಿಗಳಿಗೂ ಅಲ್ಲಿಂದಲೇ ಕೇಬಲ್ಲು. ಯಾರಿಗೆ ಎಷ್ಟು ವೇಗ ಬಿಡಬೇಕೆಂದು ಕಂಪ್ಯೂಟರಿನಲ್ಲಿ ಹಂಚುವವಳು ಇವಳು. ಕಾಲುವೆ ನೀರಿಗೆ ಪಾಳಿ ಹಚ್ಚಿದ ಹಾಗೆ ಹಂಚುವುದಾಗಿದ್ದರೆ ಅವಳಿಗೇನೂ ಬೇಸರವಿರಲಿಲ್ಲ.

ಸಂಜೆ ಎಂಟಕ್ಕೆ ಎಲ್ಲರೂ ಒಮ್ಮೆಲೇ ಮೊಬೈಲ್ ಹಿಡಿಯುತ್ತಾರೆ, ಲೈನು ಕಿಕ್ಕಿರಿಯುತ್ತದೆ. ಇದ್ದದ್ದು ಅರ್ಧ ಊರಿಗೇ ಸಾಲದು. ಖಂಡಪ್ಪ ಮಾತ್ರ ಹಳ್ಳಿ ಹಳ್ಳಿಗೆ ಹೊಸ ಸಂಪರ್ಕ ಕೊಡುತ್ತಲೇ ಹೋದ. ಆ ಹೊತ್ತಿಗೆ ಹಳ್ಳಿಗಳ ವಿಡಿಯೊ ತಡೆದು ನಿಧಾನ ಮಾಡಬೇಕು, ವೇಗ ಅಳೆಯುವ ಸ್ಪೀಡ್ ಟೆಸ್ಟಿಗಷ್ಟೇ ದಾರಿ ಖುಲ್ಲಾ ಬಿಡಬೇಕು ಎಂದು ಅವನ ಅಪ್ಪಣೆ. ದೂರು ಬಂದರೆ ಟೆಸ್ಟ್ ಮಾಡಿ ನೋಡಿ ಎನ್ನುವುದು. ಟೆಸ್ಟಿನಲ್ಲಿ ವೇಗದ ಮುಳ್ಳು ಸರ್ರನೆ ಮೇಲೇರುತ್ತದೆ. ತಮ್ಮ ಮೊಬೈಲೇ ಕೆಟ್ಟಿದೆ ಎಂದು ಪಾಪದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಇಂಥ ನಾಚಿಕೆಗೆಟ್ಟ ಯುಕ್ತಿ ಖಂಡಪ್ಪನ ತಲೆಯದು, ಅದನ್ನು ಕಂಪ್ಯೂಟರಿನಲ್ಲಿ ಕೂಡಿಸಿದ ಕೈ ಸೌಭಾಗ್ಯಳದು.

ಜೈನಾಪುರವೆಂಬ ಹಳ್ಳಿಯಲ್ಲಿರುವ ಅವಳ ತಾಯಿ ಲಕ್ಕವ್ವನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ದಿನಾ ಎಂಟಕ್ಕೆ ತಾಯಿ ಮಗಳು ವಿಡಿಯೊದಲ್ಲಿ ಕೈಸನ್ನೆಯಲ್ಲೇ ಹರಟುತ್ತಾರೆ. ಈ ವಾರ ಮಾತ್ರ ಅವ್ವನ ಕೈ ಪರದೆಯ ಮೇಲೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಅವ್ವನದು ಮೊಬೈಲ್ ಸಿಮ್ಮಿನ ನೆಟ್, ಅದರ ಕಾಟವೆಂದುಕೊಂಡು ಸೌಭಾಗ್ಯ ಮತ್ತೆ ಮತ್ತೆ ಏನು, ಏನು ಎಂದು ಕೈ ತಿರುವುತ್ತಿದ್ದಳು.

ಶುಕ್ರವಾರ ಸಂಜೆ ಎಂಟು ದಾಟುತ್ತಲೇ ಅವ್ವನ ಪಕ್ಕದ ಮನೆಯ ರೇಣುಕವ್ವ ಫೋನ್ ಮಾಡಿದಳು. ಮಗಳ ಕಚೇರಿಯದು ಎಂಬ ಅಭಿಮಾನಕ್ಕೆ ಲಕ್ಕವ್ವ ಈ ವಾರದ ಮೊದಲಿಗೇ ಮಗಳಿಗೂ ಹೇಳದೆ ಖಂಡಪ್ಪನ ಕೇಬಲ್ಲೇ ಹಾಕಿಸಿಕೊಂಡಿದ್ದಳಂತೆ.

“ನಿಮ್ಮ ಆಫೀಸಿನವರು ಹೇಳಿದಂಗ ಟೆಸ್ಟ್ ಮಾಡಿದ್ವಿ. ಲೈನ್ ಛಲೋ ಐತಿ ಅಂತ ತೋರಸ್ತು. ತನ್ನ ಕೈಯೇ ನಡಗತಾವ, ಅದಕ್ಕ ಮಗಳಿಗೆ ತಿಳೀವಲ್ದು ಅಂತ ನಿಮ್ಮವ್ವ ಅಳಾಕತ್ತಾಳ.”

ಸೌಭಾಗ್ಯಳಿಗೆ ತನ್ನ ಬೆರಳು ಮುಟ್ಟಿಕೊಳ್ಳಲೂ ಅಸಹ್ಯವಾಯಿತು. ಕಂಪ್ಯೂಟರಿನ ಮುಂದೆ ಕೂತು ಟೆಸ್ಟಿನ ಖುಲ್ಲಾ ದಾರಿ ಅಳಿಸಿದಳು, ಇದ್ದ ಲೈನನ್ನು ಎಲ್ಲರಿಗೂ ಸಮನಾಗಿ ಹಂಚಿದಳು. ಹತ್ತು ನಿಮಿಷದಲ್ಲಿ ಕಚೇರಿಯ ಫೋನು ಬಡಿದುಕೊಳ್ಳತೊಡಗಿತು. ನಮ್ಮ ಲೈನೇ ಸಾಲುತ್ತಿಲ್ಲ, ನಿಮ್ಮ ಮೊಬೈಲು ನೆಟ್ಟಗಿದೆ ಎಂದು ಒಬ್ಬೊಬ್ಬರಿಗೂ ಹೇಳಿದಳು. ಮೂರನೆಯ ಫೋನಿಗೆ ಖಂಡಪ್ಪ ಎದ್ದು ಬಂದು, ನಾಳೆಯಿಂದ ಬರಬೇಡ ಎಂದ.

ಅವಳು ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿಯುತ್ತಲೇ ರೇಣುಕವ್ವನಿಗೆ ಫೋನ್ ಹಚ್ಚಿದಳು.

“ಚಿಗವ್ವಾ, ಅವ್ವನ ಕೈ ನೆಟ್ಟಗದಾವ ಅಂತ ಹೇಳು. ತಪ್ಪು ಮಾಡಿದ್ದು ನನ್ನ ಕೈ.”