ಕೊಬ್ಬರಿ ಮನೆಯ ಕ್ರಿಸ್‌ಮಸ್ ಪ್ರಾರ್ಥನೆ

ಆರು ವರ್ಷಗಳ ಹಿಂದಿನ ಡಿಸೆಂಬರ್. ಬಿ.ಎ. ಮುಗಿಸಿ, ಒಂದು ಸಣ್ಣ ಮಿಷನ್ ಸಂಸ್ಥೆಯಲ್ಲಿ ತರಬೇತಿ ಪಡೆದು, ನಾನು ಸುವಾರ್ತಾ ಸೇವಕಿಯಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ನಮ್ಮ ಸಂಸ್ಥೆಯಲ್ಲಿ ಹೊಸಬರು ಕ್ರಿಸ್‌ಮಸ್ ರಜೆಯ ವಾರವನ್ನು ತಮ್ಮ ಮನೆಯಲ್ಲಿ ಕಳೆಯುವಂತಿರಲಿಲ್ಲ. ಪಾಸ್ಟರ್ ಇಲ್ಲದ ಯಾವುದಾದರೂ ಸಭೆಗೆ ಹೋಗಿ, ಅಲ್ಲಿಯವರ ಕೆಲಸಗಳಲ್ಲಿ ಕೈಜೋಡಿಸಿ, ಆರಾಧನೆ ನಡೆಸಿಕೊಟ್ಟು ಬರಬೇಕಿತ್ತು. ಸಭೆ ಎಂದರೆ ಭಾಷಣದ ಸಭೆಯಲ್ಲ. ಒಂದು ಊರಿನಲ್ಲಿ ಕೂಡಿ ಪ್ರಾರ್ಥಿಸುವ ಕ್ರೈಸ್ತ ಮನೆಗಳಿಗೆ ನಾವು ಹಾಗೆನ್ನುತ್ತೇವೆ. ಕೊಳ್ಳೇಗಾಲದ ಕಡೆಯವಳಾದ ನನಗೆ ಸಿಕ್ಕಿದ್ದು ತಿಪಟೂರು ಸೀಮೆಯಲ್ಲಿ, ಹಂದನಕೆರೆಗೆ ಹತ್ತಿರದ ಒಂದು ಪುಟ್ಟ ಊರು. ಅಲ್ಲಿನ ಸಭೆ ಎಂದರೆ ಮೂರೇ ಮನೆ.

ಆ ವಾರದ ಒಂದು ಮಧ್ಯಾಹ್ನ ಸುಶೀಲ ಎಂಬ ಏಳು ತಿಂಗಳ ಬಸುರಿ ನನ್ನ ಕಣ್ಣೆದುರಿಗೇ, ನನ್ನ ಪ್ರಾರ್ಥನೆಯ ನಡುವೆಯೇ, ಸಾವಿನ ಕಡೆಗೆ ಜಾರುತ್ತಿದ್ದಳು. ನಾನು ಅದನ್ನು ಭಕ್ತಿ ಎಂದುಕೊಂಡಿದ್ದೆ. ಈಗಲೂ ಎಚ್ಚರವಿರುವಾಗಲೇ ಆ ಕೋಣೆ ಬಂದು ಕಣ್ಣ ಮುಂದೆ ನಿಲ್ಲುತ್ತದೆ. ಬಾಗಿಲು ಇನ್ನೂ ತೆರೆದಿಲ್ಲ, ನಾನು ಇನ್ನೂ ಮಾತಾಡುತ್ತಲೇ ಇದ್ದೇನೆ.

ನಾನು ಬಸ್ಸಿಳಿದ ಬೆಳಿಗ್ಗೆ ತೋಟಗಳ ಮೇಲೆ ಮಂಜು ಕವಿದಿತ್ತು. ತೆಂಗಿನ ಮರಗಳ ಬುಡ ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ. ಬೂದು ಕಂಬಗಳ ಸಾಲು ಎಲ್ಲೋ ಮೇಲೆ ಹೋಗಿ ಬೆಳಕಿನಲ್ಲಿ ಕರಗಿದ ಹಾಗೆ. ಗರಿಗಳಿಂದ ತೊಟ್ಟಿಕ್ಕುವ ಹನಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮನೆ ಬಿಟ್ಟು ಬಂದ ದುಃಖ ಅಲ್ಲೇ ಅರ್ಧ ಇಳಿದುಹೋಯಿತು. ಶಾಂತಮ್ಮ ಎಂಬ ವಿಧವೆಯ ಮನೆಯಲ್ಲಿ ನನಗೆ ಇಳಿದುಕೊಳ್ಳಲು ಜಾಗ ಮಾಡಿದ್ದರು. ಸುಶೀಲ ಆಕೆಯ ಒಬ್ಬಳೇ ಮಗಳು. ಅರಸೀಕೆರೆಯಲ್ಲಿದ್ದ ಗಂಡನ ಮನೆಯಿಂದ ಮೊದಲ ಬಾಣಂತನಕ್ಕೆ ತಾಯಿಯ ಬಳಿ ಬಂದಿದ್ದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳು. ಮೊದಲ ದಿನವೇ ನನ್ನನ್ನು ಅಕ್ಕ ಎಂದಳು.

ಶಾಂತಮ್ಮ ಕೂಲಿಗೆ ಹೋಗುತ್ತಿದ್ದುದು ಪಕ್ಕದ ತೋಟದ ಗಂಗಾಧರಯ್ಯನವರ ಮನೆಗೆ. ಮೂರು ತಲೆಮಾರಿನಿಂದ ಕೊಬ್ಬರಿ ಮಾಡುತ್ತಿದ್ದ ಶಿವಭಕ್ತರ ಮನೆ ಅದು. ಆಕೆಯ ಜೊತೆ ನಾನೂ ಹೋದೆ. ಬಲಿತ ತೆಂಗಿನಕಾಯಿಯನ್ನು ಸುಮಾರು ಒಂದು ವರ್ಷ ಅಟ್ಟದ ಮೇಲೆ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗುಂಡಗೆ ಒಣಗುತ್ತದೆ. ಆಮೇಲೆ ಚಿಪ್ಪು ಒಡೆದು ಇಡೀ ಉಂಡೆಯನ್ನು ತೆಗೆಯುವುದು. ಅದಕ್ಕೆಂದೇ ಕಟ್ಟಿದ ಕಟ್ಟಡವೇ ಕೊಬ್ಬರಿ ಮನೆ. ಕೆಳಗೆ ಬರಿದಾದ ಒಂದು ದೊಡ್ಡ ಕೋಣೆ, ಮೇಲೆ ಬಿದಿರಿನ ಸೀಳುಗಳ ಅಟ್ಟ, ಅಟ್ಟದ ತುಂಬ ಕಾಯಿ. ತಲೆಯೆತ್ತಿ ನೋಡಿದರೆ ಸೀಳುಗಳ ಸಂದಿಯಲ್ಲಿ ಸಾವಿರಾರು ಕಾಯಿ ಮಲಗಿದಂತೆ ಕಾಣುತ್ತಿತ್ತು. ಸಿಹಿಯಾದ, ಸ್ವಲ್ಪ ಎಣ್ಣೆಣ್ಣೆಯಾದ ವಾಸನೆ. ಆ ಮಂದ ಬೆಳಕಿನಲ್ಲಿ ಗಟ್ಟಿಯಾಗಿ ಮಾತಾಡಲು ಮನಸ್ಸಾಗುತ್ತಿರಲಿಲ್ಲ.

ನಾನು ಚಿಪ್ಪು ಒಡೆಯುವ ಚಂದ ನೋಡಿ ಗಂಗಾಧರಯ್ಯನವರ ಹೆಂಡತಿ ಗಿರಿಜಮ್ಮನಿಗೆ ನಗು ತಡೆಯಲಾಗಲಿಲ್ಲ. "ಹಿಂಗೆ ಹೆದರ್ಕೊಂಡು ಹೊಡುದ್ರೆ ಈ ಕೊಬ್ಬರಿ ಮುಂದಿನ್ ಕ್ರಿಸ್‌ಮಸ್‌ಗೆ ಈಚೆ ಬತ್ತದೆ ಕಣಮ್ಮ, ಸಿಸ್ಟರಮ್ಮ," ಎಂದರು. ಮೋಡದ ದಿನಗಳಲ್ಲಿ ಕಾಯಿಗೆ ಬೂಷ್ಟು ಹಿಡಿಯದಿರಲೆಂದು ಅಟ್ಟದ ಕೆಳಗೆ ತೆಂಗಿನ ಸಿಪ್ಪೆಯ ಹೊಗೆ ಹಾಕುವುದು ಅವರ ಪದ್ಧತಿ. ಆ ಹೊಗೆಯಲ್ಲಿ ಯಾರೂ ಕೂರುವುದಿಲ್ಲ. ಹಾಕಿ, ಬಾಗಿಲು ತೆರೆದಿಟ್ಟು, ಆಚೆ ಬಂದುಬಿಡುತ್ತಾರೆ. ನನಗೆ ಅದರ ಒಂದು ಎಳೆ ಮೂಗಿಗೆ ತಾಗಿದ್ದೇ ತಡ, ಕೆಮ್ಮು ಹಿಡಿದು ಸಂಜೆಯವರೆಗೂ ಬಿಡಲಿಲ್ಲ. ಗಿರಿಜಮ್ಮ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು.

ವಾರ ಒಂದು ಬಗೆಯ ಕನಸಿನಂತೆ ಕಳೆಯಿತು. ಬೆಳಿಗ್ಗೆ ಮೂರೂ ಮನೆಗಳಲ್ಲಿ ಪ್ರಾರ್ಥನೆ, ನಂತರ ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಗೆ ಸ್ನಾನ ಮಾಡಿಸುವುದು, ಮಧ್ಯಾಹ್ನ ಕೊಬ್ಬರಿ ಕೆಲಸ, ಸಂಜೆ ಮಕ್ಕಳಿಗೆ ಹಾಡು. ಇಪ್ಪತ್ತನಾಲ್ಕರ ಮಧ್ಯಾಹ್ನ ಶಾಂತಮ್ಮನ ಅಂಗಳದಲ್ಲಿ ಶಾಮಿಯಾನ ಹಾಕಿ ಆರಾಧನೆ ನಡೆಸುವುದೆಂದು ಮಾತಾಗಿತ್ತು. ಆದರೆ ಹಿಂದಿನ ದಿನವೇ ಚಂಡಮಾರುತದ ಮಳೆ ಹಿಡಿಯಿತು. ಸಣ್ಣ ಮಳೆ, ಮೈ ಕೊರೆಯುವ ಗಾಳಿ. ಶಾಮಿಯಾನದ ಬಟ್ಟೆ ನೀರು ತುಂಬಿಕೊಂಡು ಜೋತುಬಿತ್ತು. ಶಾಂತಮ್ಮ ಹೋಗಿ ಗಂಗಾಧರಯ್ಯನವರ ಮುಂದೆ ತಲೆ ತುರಿಸಿಕೊಳ್ಳುತ್ತ ನಿಂತಾಗ ಅವರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ನಮ್ ಕಾಯಿಗೂ ನಿಮ್ ಯೇಸಪ್ಪನಿಗೂ ಒಂದೇ ಸೂರು ಸಾಕು ಬುಡು. ಕೊಬ್ಬರಿ ಮನೇಲಿ ಮಾಡ್ಕಳಿ," ಎಂದರು.

ಅಂದು ನಮಗಾಗಿ ಆ ಕೋಣೆಯನ್ನು ಅವರು ಸಿದ್ಧಪಡಿಸಿದ ಬಗೆಯನ್ನು ನಾನು ಎಷ್ಟೋ ಸಲ ಮತ್ತೆ ಮತ್ತೆ ನೆನೆದಿದ್ದೇನೆ. ನೆಲ ಗುಡಿಸಿ ಜಮಖಾನ ಹಾಸಿದರು. ಗೋಡೆಯ ಮೇಲ್ಭಾಗದ ಗಾಳಿ ಕಿಂಡಿಗಳಿಂದ ಇರಚಲು ಹೊಡೆಯುತ್ತಿತ್ತೆಂದು ಅವಕ್ಕೆ ಗೋಣಿಚೀಲ ತುರುಕಿದರು. ಚಳಿ ಕಾಯಿಸಲು ಬೆಂಕಿ ಬೇಕಿತ್ತು. ನನಗೆ ಹೊಗೆ ಆಗುವುದಿಲ್ಲವಲ್ಲ; ಅದಕ್ಕಾಗಿ ಗಿರಿಜಮ್ಮ ಸಿಪ್ಪೆಯನ್ನು ಬಿಟ್ಟು ತೆಂಗಿನ ಚಿಪ್ಪನ್ನು ಆರಿಸಿಕೊಂಡರು. ಚಿಪ್ಪನ್ನು ಅಂಗಳದಲ್ಲೇ ಉರಿಸಿ, ಹೊಗೆಯೆಲ್ಲ ಹೋಗಿ ಕೆಂಪು ಕೆಂಡವಾದ ಮೇಲೆ ಗಾರೆ ಹೊರುವ ಕಬ್ಬಿಣದ ಬಾಂಡ್ಲಿಯಲ್ಲಿ ತುಂಬಿಸಿ ಒಳಗಿಟ್ಟರು. ಹೊಗೆ ಇದ್ದರೆ ಬಾಗಿಲು ತೆರೆದಿಡಬೇಕು ಎಂಬುದು ಆ ಮನೆಯವರ ರಕ್ತದಲ್ಲಿತ್ತು. ಹೊಗೆಯಿಲ್ಲದ ಮೇಲೆ ಬಾಗಿಲು ಯಾಕೆ ತೆರೆದಿಡಬೇಕು? ಬಸುರಿಗೆ ಚಳಿಯಾಗಬಾರದೆಂದು ಸುಶೀಲಳನ್ನು ಬಾಂಡ್ಲಿಯ ಪಕ್ಕದಲ್ಲೇ ಕೂರಿಸಿದರು. ಅಲ್ಲಿದ್ದದ್ದರಲ್ಲಿ ಬೆಚ್ಚನೆಯ ಜಾಗ ಅದೇ.

ಮಕ್ಕಳು ಆರಾಧನೆಯ ನಂತರದ ಕ್ರಿಸ್‌ಮಸ್ ನಾಟಕಕ್ಕೆ ವೇಷ ಹಾಕಿಸಿಕೊಳ್ಳಲು ಗಿರಿಜಮ್ಮನ ಮನೆಗೆ ಹೋಗಿದ್ದರು. ದೊಡ್ಡವರು ಒಳಗೆ ಬಂದು ಬಾಗಿಲು ಹಾಕಿಕೊಂಡೆವು. ಬೇರೆಯವರ ಪೂಜೆಯಲ್ಲಿ ತಾನು ನಡುವೆ ಕೂರುವುದು ಬೇಡವೆಂದು ಗಂಗಾಧರಯ್ಯನವರು ಹೊರಗೆ ಜಗುಲಿಯ ಮೇಲೆ ಕೂತರು.

ಮೊದಲು ಹಾಡಿದೆವು. ಕೆಂಡದ ಕೆಂಪು ಎಲ್ಲರ ಮುಖದ ಮೇಲಿತ್ತು. ಬೈಬಲಿನಿಂದ ಆ ದಿನದ ಭಾಗ ಓದಿ, ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಪ್ರಾರ್ಥನೆ ಶುರು ಮಾಡಿದೆ. ಆರಂಭದಲ್ಲಿ ಮಾತು ಹುಡುಕುತ್ತಿದ್ದೆ. ಬರಬರುತ್ತ ಹುಡುಕುವ ಅಗತ್ಯವೇ ಇಲ್ಲವಾಯಿತು. ನನ್ನ ಧ್ವನಿ ಕೆರೆಯ ಆಚೆ ದಡದಿಂದ ಯಾರೋ ಮೆಲ್ಲಗೆ ಮಾತಾಡಿದಂತೆ ಕೇಳಿಸುತ್ತಿತ್ತು. ಕಾಲುಗಳಿಗೆ ಭಾರವೇ ಇರಲಿಲ್ಲ. ಮಳೆಯ ಸದ್ದು ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ದೂರ ಹೋಯಿತು. ನಾನು ಕಣ್ಣು ಬಿಟ್ಟು ನೋಡಿದೆ. ಒಂದೊಂದಾಗಿ ತಲೆಗಳು ಬಾಗುತ್ತಿದ್ದವು. ಯಾರೂ ಕೆಮ್ಮುತ್ತಿರಲಿಲ್ಲ, ಯಾರೂ ಮಿಸುಕುತ್ತಿರಲಿಲ್ಲ. ಸುಶೀಲ ತಾಯಿಯ ಹೆಗಲಿಗೆ ಒರಗಿ ಬಾಯಿ ಸ್ವಲ್ಪ ತೆರೆದುಕೊಂಡಿದ್ದಳು. ಕೆನ್ನೆ ಕೆಂಪಗಿತ್ತು. ತರಬೇತಿಯಲ್ಲಿ ಹಿರಿಯರು ಹೇಳುತ್ತಿದ್ದ ದೇವರ ಸನ್ನಿಧಿಯ ಶಾಂತಿ ಕಡೆಗೂ ಇಳಿದು ಬಂತು ಎಂದು ನನ್ನ ಮನಸ್ಸು ತುಂಬಿ ಬಂತು. ಮತ್ತೆ ಕಣ್ಣು ಮುಚ್ಚಿ ಪ್ರಾರ್ಥನೆಯನ್ನು ಇನ್ನೂ ಉದ್ದ ಮಾಡಿದೆ.

ಹೊರಗೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಗಿರಿಜಮ್ಮ ಕಾಫಿ ತಂದಿದ್ದರು. ಪೂಜೆ ನಡುವೆ ಬಾಗಿಲು ತೆಗೆಯಬಾರದೆಂದು ಗಂಡ ತಡೆದರು. ಸ್ವಲ್ಪ ಹೊತ್ತು ಇಬ್ಬರೂ ಜಗುಲಿಯಲ್ಲೇ ನಿಂತರು. ಒಳಗೆ ನನ್ನ ದನಿ ಮಾತ್ರ ಕೇಳುತ್ತಿತ್ತು. ನಡುನಡುವೆ "ಸ್ತೋತ್ರ" ಎನ್ನುವ ಉಳಿದವರ ದನಿ ನಿಂತುಹೋಗಿತ್ತು. ಅವರ ಧರ್ಮದಲ್ಲಿ ಹಾಗೇ ಇರಬಹುದೆಂದು ಗಂಗಾಧರಯ್ಯನವರು ಅಂದುಕೊಂಡರಂತೆ. ಗಿರಿಜಮ್ಮನಿಗೆ ಕಾಫಿಯ ಚಿಂತೆ. ಕಡೆಗೆ ಗಂಡನ ಮಾತು ಮೀರಿ ಬಾಗಿಲು ತೆಗೆದೇಬಿಟ್ಟರು.

"ನಿಮ್ ದೇವ್ರು ಎಲ್ಲೂ ಹೋಗಲ್ಲ, ಕಾಪಿ ಆರೋಯ್ತದೆ ಕಣ್ರಮ್ಮ," ಎಂದ ಅವರ ಮಾತು ನನ್ನ ಬೆನ್ನ ಹಿಂದೆ ಕೇಳಿತು. ನನಗೆ ಬಂದದ್ದು ಸಿಟ್ಟು. ಬದುಕಿನ ಅತ್ಯಂತ ಒಳ್ಳೆಯ ಪ್ರಾರ್ಥನೆಯನ್ನು ಒಂದು ಕಾಫಿಗಾಗಿ ಮುರಿದರಲ್ಲ ಎಂಬ ಸಿಟ್ಟು. ತಿರುಗಿ ಏನೋ ಹೇಳಲು ಹೋದೆ, ಮಂಡಿ ಕುಸಿಯಿತು. ತಣ್ಣನೆ ಗಾಳಿ ಮುಖಕ್ಕೆ ಹೊಡೆದಾಗ ತಲೆಯೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತಾಯಿತು. ಗಿರಿಜಮ್ಮ ನನ್ನ ತಲೆಯ ಮೇಲಿಂದ ಒಳಗೆ ನೋಡುತ್ತಿದ್ದರು.

"ಶಾಂತಿ, ಎದ್ದೇಳೇ. ಲೇ ಶಾಂತಿ," ಎಂದು ಶಾಂತಮ್ಮನನ್ನು ಮೆಲ್ಲಗೆ ಕರೆದರು. ಯಾರೂ ಅಲುಗಲಿಲ್ಲ. ಆಗ ಅವರು ಕಾಫಿಯ ಪಾತ್ರೆಯನ್ನು ಅಲ್ಲೇ ಕೈಬಿಟ್ಟು ಗಂಡನನ್ನು ಕೂಗಿದರು. ಪಾತ್ರೆ ಉರುಳಿ ಕಾಫಿ ಜಮಖಾನದ ಮೇಲೆಲ್ಲ ಹರಿದದ್ದು ಇವತ್ತಿಗೂ ನನಗೆ ಬಲು ನಿಧಾನವಾಗಿ ಕಾಣುತ್ತದೆ.

ಗಂಡಹೆಂಡಿರಿಬ್ಬರೂ ಒಬ್ಬೊಬ್ಬರನ್ನೇ ತೋಳು ಹಿಡಿದು ಮಳೆಗೆ ಎಳೆದು ಹಾಕಿದರು. ನಾನು ತೆವಳಿಕೊಂಡೇ ಸುಶೀಲಳ ಕಾಲು ಹಿಡಿದೆ. ಹನಿ ಬಿದ್ದಂತೆ ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು, ವಾಂತಿ ಮಾಡಿದರು, ಎಲ್ಲಿದ್ದೇವೆಂದು ಕೇಳಿದರು. ಸುಶೀಲ ಮಾತ್ರ ಕಣ್ಣು ಬಿಡಲಿಲ್ಲ. ಉಸಿರಿತ್ತು. ಗಂಗಾಧರಯ್ಯನವರು ಕಾಯಿ ಸಾಗಿಸುವ ತಮ್ಮ ಗೂಡ್ಸ್ ಗಾಡಿಗೆ ಟಾರ್ಪಾಲು ಕಟ್ಟಿ ಅವಳನ್ನೂ ಶಾಂತಮ್ಮನನ್ನೂ ನನ್ನನ್ನೂ ಹತ್ತಿಸಿಕೊಂಡು ತಿಪಟೂರಿನ ದಾರಿ ಹಿಡಿದರು. ಗಿರಿಜಮ್ಮನೂ ಜೊತೆಗೆ ಹತ್ತಿ, ಉದ್ದಕ್ಕೂ ಸುಶೀಲಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಟಾರ್ಪಾಲಿನ ಸಂದಿಯಲ್ಲಿ ತೋಟಗಳು ಹಿಂದೆ ಹಿಂದೆ ತೇಲಿ ಹೋಗುತ್ತಿದ್ದವು. ಅರ್ಧ ದಾರಿಯಲ್ಲಿ ಸುಶೀಲ ಕಣ್ಣು ಬಿಟ್ಟು ತಲೆನೋವೆಂದಳು. ಮಗು ಮಿಸುಕುತ್ತಿದೆಯಾ ಎಂದು ಕೇಳಿದ್ದಕ್ಕೆ ಗೊತ್ತಾಗುತ್ತಿಲ್ಲ ಎಂದಳು.

ಆಸ್ಪತ್ರೆಯಲ್ಲಿ ನರ್ಸ್ ಅವಳ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿದರು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ತೋರಿಸುವ ಸಣ್ಣ ಯಂತ್ರ. ಅದರಲ್ಲಿ ಎಲ್ಲವೂ ಸರಿಯಾಗಿತ್ತು. ಊಟ ಬಿಟ್ಟು ಸುಸ್ತಾಗಿರಬೇಕು, ಒಂದು ಬಾಟಲಿ ಗ್ಲೂಕೋಸ್ ಹಾಕಿ ಕಳಿಸೋಣ ಎಂಬ ಮಾತಾಯಿತು. ಹಬ್ಬಕ್ಕಾಗಿ ಶಾಂತಮ್ಮ ಉಪವಾಸ ಮಾಡಿಸಿದ್ದು ನಿಜವೇ ಆಗಿತ್ತು. ನಾವೂ ತಲೆಯಾಡಿಸಿದೆವು. ಬೆಂಕಿಯ ಸುದ್ದಿ ಯಾರ ಬಾಯಿಗೂ ಬರಲಿಲ್ಲ. ಹೊಗೆಯೇ ಇಲ್ಲದ ಬೆಂಕಿಯನ್ನು ಹೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಡಾಕ್ಟರ್ ಬಂದರು. ಮಧ್ಯವಯಸ್ಸಿನ ಹೆಂಗಸು. ಸುಶೀಲಳನ್ನು ನೋಡಿ, ಆಮೇಲೆ ಗೋಡೆ ಹಿಡಿದು ನಿಂತಿದ್ದ ನನ್ನನ್ನೂ ಶಾಂತಮ್ಮನನ್ನೂ ನೋಡಿದರು. ಎಲ್ಲರಿಗೂ ಒಟ್ಟಿಗೇ ತಲೆನೋವಾ ಎಂದು ಕೇಳಿದರು. ನಂತರ, "ಒಳಗೆ ಏನು ಉರಿಸ್ತಿದ್ರಿ?" ಎಂದರು.

"ಚಿಪ್ಪಿನ ಕೆಂಡ ಕಣ್ರವ್ವ. ಹೊಗೆನೇ ಇರ್ನಿಲ್ಲ," ಎಂದರು ಗಿರಿಜಮ್ಮ.

"ಹೊಗೆ ಇದ್ದಿದ್ರೆ ಎದ್ದು ಆಚೆ ಬರ್ತಿದ್ರಿ," ಎಂದಷ್ಟೇ ಹೇಳಿ ಅವರು ಆಕ್ಸಿಜನ್ ತರಿಸಿದರು.

ಕೆಲಸ ಮಾಡುತ್ತಲೇ ನಮಗೆ ವಿವರಿಸಿದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಕ್ಸಿಜನ್ ಕೂರಬೇಕಾದ ಜಾಗದಲ್ಲಿ ಅದು ರಕ್ತಕ್ಕೆ ಅಂಟಿಕೊಂಡು ಕೂರುತ್ತದೆ. ಬೆರಳಿನ ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಆದ್ದರಿಂದ ಎಲ್ಲ ಸರಿಯಿದೆ ಎನ್ನುತ್ತದೆ. ನೋವಿಲ್ಲ, ಉಸಿರುಗಟ್ಟುವುದಿಲ್ಲ, ಬರೀ ಜೊಂಪು. ಹೊಟ್ಟೆಯ ಕೂಸಿನ ರಕ್ತ ಅದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಾಯಿ ಚೇತರಿಸಿಕೊಂಡು ಎದ್ದು ಕೂತ ಮೇಲೂ ಕೂಸು ಆ ವಿಷದಲ್ಲೇ ಇರುತ್ತದೆ. ಅದಕ್ಕಾಗಿ ಸುಶೀಲಳಿಗೆ ಬೆಳಗಿನವರೆಗೂ ಮಾಸ್ಕ್ ತೆಗೆಯುವಂತಿಲ್ಲ ಎಂದರು. ಜೊಂಪು ಎಂಬ ಮಾತು ಕೇಳಿದ್ದೇ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ನಾನು ಅನುಭವಿಸಿದ್ದ ದೇವರ ಸನ್ನಿಧಿ ಒಂದು ಬಾಂಡ್ಲಿ ಕೆಂಡದಿಂದ ಹುಟ್ಟಿದ್ದು. ಅದನ್ನು ಒಪ್ಪಿಕೊಳ್ಳುವುದು ಸಾವಿನ ಭಯಕ್ಕಿಂತ ಕಷ್ಟವಾಗಿತ್ತು.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಮಳೆ ನಿಂತಿತ್ತು. ಡಾಕ್ಟರ್ ಸುಶೀಲಳ ಹೊಟ್ಟೆಯ ಮೇಲೆ ಕೂಸಿನ ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರ ಇಟ್ಟು ಅತ್ತಿತ್ತ ಸರಿಸಿದರು. ಬಹಳ ಹೊತ್ತು ಬರೀ ಗೊರಗೊರ ಸದ್ದು. ಶಾಂತಮ್ಮ ಮಂಚದ ಕಂಬಿ ಹಿಡಿದಿದ್ದರು. ಆಮೇಲೆ ಬಂತು, ಒದ್ದೆ ಬಟ್ಟೆಯನ್ನು ಯಾರೋ ಬೇಗಬೇಗ ಒಗೆಯುತ್ತಿರುವಂಥ ಸದ್ದು. "ಗಟ್ಟಿಗಿತ್ತಿನೋ ಗಟ್ಟಿಗನೋ, ಚೆನ್ನಾಗೈತೆ," ಎಂದರು ಡಾಕ್ಟರ್. ಹುಟ್ಟಿದ್ದು ಗಟ್ಟಿಗಿತ್ತಿ. ಈಗ ಅರಸೀಕೆರೆಯಲ್ಲಿ ಶಾಲೆಗೆ ಹೋಗುತ್ತಾಳೆ. ಆಗಾಗ ಫೋನಿನಲ್ಲಿ ತನ್ನ ಜಗಳಗಳನ್ನೆಲ್ಲ ನನಗೆ ಹೇಳುತ್ತಾಳೆ.

ಡಾಕ್ಟರ್ ಹೋದ ಮೇಲೆ ಸುಶೀಲ ಮಾಸ್ಕನ್ನು ಸ್ವಲ್ಪ ಸರಿಸಿ ನನ್ನನ್ನು ಕರೆದಳು.

"ಅಕ್ಕ, ನಿನ್ನೆ ನೀವು ಆಮೆನ್ ಹೇಳ್ನೇ ಇಲ್ಲ. ಮುಗ್ಸಿ."

ನನಗೆ ಆಗುವುದಿಲ್ಲವೆಂದು ಹೇಳಬೇಕೆನಿಸಿತು. ಬಾಯಿ ತೆರೆದರೆ ಮತ್ತೆ ಆ ಹಗುರವಾದ ದನಿಯೇ ಬಂದರೇನು ಎಂಬ ಹೆದರಿಕೆ. ಆದರೆ ಶಾಂತಮ್ಮ ಆಗಲೇ ಸೆರಗು ಹೊದ್ದುಕೊಂಡಿದ್ದರು. ಗಂಗಾಧರಯ್ಯನವರು ಈ ಸಲ ಹೊರಗೆ ಹೋಗಲಿಲ್ಲ. ಬಾಗಿಲನ್ನು ಗೋಡೆಗೆ ತಾಗುವಂತೆ ಪೂರ್ತಿ ತೆರೆದು, ಅದು ಮುಚ್ಚಿಕೊಳ್ಳದಂತೆ ಒರಗಿ ನಿಂತರು. ನಾನು ಶುರು ಮಾಡಿದೆ. ಮಾತು ತಡವರಿಸಿತು, ತಲೆ ಇನ್ನೂ ನೋಯುತ್ತಿತ್ತು, ನಡುವೆ ನರ್ಸ್ ಬಂದು ಟ್ರಾಲಿ ಸರಿಸಿದರು. ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಸುಶೀಲಳ ಎದೆ ಏರಿ ಇಳಿಯುವುದನ್ನೇ ನೋಡುತ್ತಿದ್ದೆ. ನೋಡುತ್ತ ಕಣ್ಣೆತ್ತಿದರೆ, ಮಂಚದ ಆಚೆ ಬದಿಯಲ್ಲಿ ಗಿರಿಜಮ್ಮನೂ ಕಣ್ಣು ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಜನರು ನನ್ನನ್ನು ನಂಬಿ ಕಣ್ಣು ಮುಚ್ಚುತ್ತಾರೆ, ತಲೆ ಬಾಗಿಸುತ್ತಾರೆ. ಅಷ್ಟು ಹೊತ್ತು ಅವರನ್ನು ಯಾರಾದರೂ ಒಬ್ಬರು ನೋಡುತ್ತಿರಬೇಕು. ಅಂದಿನಿಂದ ಯಾವ ಊರಿನ ಯಾವ ಸಭೆಯಲ್ಲಾಗಲಿ, ನಾನು ಕಣ್ಣು ತೆರೆದೇ ಪ್ರಾರ್ಥಿಸುತ್ತೇನೆ.