ಹನ್ನೆರಡು ಮಂದಿಗೆ ಒಂದು ಪುಸ್ತಕ

ನಾನು ಚಿಕ್ಕವಳಿದ್ದಾಗ ನಮ್ಮ ದೇಶನೂರಿನ ಚಾವಡಿಯಲ್ಲಿ, ಇಳಿಮಧ್ಯಾಹ್ನ, ಹೆಂಗಸರಿಗೆ ಅಕ್ಷರ ಕಲಿಸುವ ಶಾಲೆಯೊಂದು ನಡೆಯುತ್ತಿತ್ತು. ಸಗಣಿ ಸಾರಿಸಿದ ನೆಲದ ಮೇಲೆ, ಮೇಷ್ಟ್ರ ಕಡೆಗೆ ನೆಟ್ಟಗೆ ತೆರೆದಿಟ್ಟ ಒಂದೇ ಒಂದು ಪುಸ್ತಕ. ಅದರ ಸುತ್ತ ಹನ್ನೆರಡು ಹೆಂಗಸರು. ಸರ್ಕಾರ ಕೊಟ್ಟಿದ್ದೇ ಅಷ್ಟು. ಗದ್ದೆಯ ಕೆಸರನ್ನು ಕಾಲುವೆಯಲ್ಲಿ ತೊಳೆದುಕೊಂಡು ಎಲ್ಲರಿಗಿಂತ ಕೊನೆಗೆ ಬರುತ್ತಿದ್ದ ಅವ್ವನಿಗೆ ಮೇಷ್ಟ್ರ ಎದುರಿನ ಜಾಗವಷ್ಟೇ ಉಳಿದಿರುತ್ತಿತ್ತು.

ಒಂದು ದಿನ ಬಳ್ಳಾರಿಯಿಂದ ಸಾಹೇಬರು ಪರೀಕ್ಷೆಗೆ ಬರುವವರಿದ್ದರು. ಹೆಂಗಸರು ಓದದಿದ್ದರೆ ಶಾಲೆ ಮುಚ್ಚುತ್ತಾರೆಂದು ಮೇಷ್ಟ್ರು ಹೇಳಿದ್ದರು. ಆ ಬೆಳಿಗ್ಗೆ ಅಭ್ಯಾಸಕ್ಕೆಂದು ನನ್ನ ಶಾಲೆಯ ಪುಸ್ತಕವನ್ನು ಅವ್ವನ ಕೈಗಿತ್ತೆ. ಆಕೆ ಅದನ್ನು ತಲೆಕೆಳಗೆ ಮಾಡಿ, ಬಲದಿಂದ ಎಡಕ್ಕೆ ಬೆರಳು ಸರಿಸುತ್ತ ಸರಾಗವಾಗಿ ಓದಿದಳು. ನೆಟ್ಟಗೆ ತಿರುಗಿಸಿ ಕೊಟ್ಟೆ. ಒಂದಕ್ಷರವೂ ಹೊರಡಲಿಲ್ಲ.

"ಅವ್ವಾ, ಹಿಂಗ ಹಿಡದ್ರ ಎಲ್ಲಾರೂ ನಗ್ತಾರ."

"ನಗ್ಲಿ ಬಿಡಲೇ. ನಾ ಕಲ್ತದ್ದ ಹಿಂಗ," ಎಂದಳು ಅವ್ವ. ಆದರೂ ಪುಸ್ತಕವನ್ನು ಮತ್ತೊಮ್ಮೆ ನೆಟ್ಟಗೆ ಹಿಡಿದು ನೋಡಿದಳು.

ಮಧ್ಯಾಹ್ನ ಚಾವಡಿಯ ತುಂಬ ಬೆವರಿನ, ಒದ್ದೆ ಸೀರೆಗಳ ವಾಸನೆ. ಮೇಷ್ಟ್ರ ಪಕ್ಕದಲ್ಲಿ ಕೂರುತ್ತಿದ್ದ ಇಬ್ಬರು ತಡವರಿಸುತ್ತ ಓದಿದರು. ಮೂರನೆಯದಾಗಿ ಸಾಹೇಬರು ಅವ್ವನನ್ನು ಕರೆದರು. ಪುಸ್ತಕವನ್ನು ನೆಟ್ಟಗೆ ಹಿಡಿದು ಆಕೆ ಸುಮ್ಮನೆ ನಿಂತಳು. ಸಾಹೇಬರ ಪೆನ್ನು ಕಾಗದದ ಮೇಲಿಳಿಯಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. "ಅವ್ವಾ, ತಿರುಗಿಸು!" ಎಂದು ಚೀರಿಬಿಟ್ಟೆ.

ಅವ್ವ ತಿರುಗಿಸಿದಳು.

"ಏನಮ್ಮಾ, ಪುಸ್ತಕಕ್ಕೆ ಶೀರ್ಷಾಸನ ಹಾಕಿಸಿದಿರಾ?" ಎಂದು ಸಾಹೇಬರು ನಕ್ಕರು. ಚಾವಡಿಯೆಲ್ಲ ನಕ್ಕಿತು. ಅವ್ವ ಮಾತ್ರ ಬೆರಳಿಟ್ಟು ಒಂದು ಪುಟವನ್ನು ಪೂರ್ತಿ ಓದಿದಳು. ಅನುಮಾನಗೊಂಡ ಸಾಹೇಬರು ತಾವೇ ಬೇರೊಂದು ಪುಟ ತೆರೆದು ಕೊಟ್ಟರು. ಅದನ್ನೂ ತಲೆಕೆಳಗೆ ಹಿಡಿದು ಓದಿ, ಪುಸ್ತಕ ಮಡಚಿದಳು.

"ಹನ್ನೆಲ್ಡು ಮಂದಿಗೆ ಒಂದ ಪುಸ್ತಕ ಕೊಟ್ಟೀರಿ, ಸಾಹೇಬ್ರ. ನನ್ನ ಪಾಲಿಗೆ ಬಂದದ್ದು ಈ ಮಗ್ಗಲು. ತಪ್ಪು ನಂದೋ, ನಿಮ್ದೋ?"

ನಗು ನಿಂತಿತು. ಸಾಹೇಬರು ಮೊದಲು ಬರೆದದ್ದನ್ನು ಹೊಡೆದುಹಾಕಿ, 'ಓದಬಲ್ಲರು' ಎಂದು ಬರೆದರು. ಶಾಲೆ ಉಳಿಯಿತು. ಎರಡನೆಯ ಪುಸ್ತಕ ಮಾತ್ರ ಬರಲೇ ಇಲ್ಲ.

ಮಕ್ಕಳೇ, ನಿಮ್ಮ ಒಬ್ಬೊಬ್ಬರ ಚೀಲದಲ್ಲೂ ಇಂದು ಹೆಗಲು ನೋಯುವಷ್ಟು ಪುಸ್ತಕಗಳಿವೆ. ಎಲ್ಲವನ್ನೂ ನೆಟ್ಟಗೆ ಹಿಡಿದು ಓದುತ್ತೀರಿ. ಆದರೂ ನಿಮ್ಮ ನಡುವೆ ಯಾರಾದರೂ ಓದಲಾರದೆ ನಿಂತರೆ ನಗಬೇಡಿ. ಅವರನ್ನು ಎಲ್ಲಿ ಕೂರಿಸಿದ್ದಿರಿ ಎಂದು, ಕೂರಿಸಿದವರನ್ನು ಕೇಳಿ.